ದೊಡ್ಡಮ್ಮನ ಮಗಳು ಬಸ್ ಕಲಿತ ವರ್ಷ

ಡಿಗ್ರಿ ಮುಗಿಸಿ ಮನೆಗೆ ಬಂದ ಮೇಲೆ ಕಂಡವರೆಲ್ಲ ನನ್ನನ್ನು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಮುಂದಕ್ಕೇನ್ ಮಾಡ್ತೀಯವ್ವ?" ಟಿ. ನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ ಹೈಸ್ಕೂಲಿನ ಮೇಷ್ಟರು ಕೇಳಿದರು, ರೇಷನ್ ಅಂಗಡಿಯವರು ಕೇಳಿದರು, ಮೂಗೂರಿನಿಂದ ಮಗಳ ಲಗ್ನಪತ್ರಿಕೆ ಕೊಡಲು ಬಂದ ಅಮ್ಮನ ಗೆಳತಿ ಕಾಫಿ ಕುಡಿಯುತ್ತಾ ಕೇಳಿದರು. "ನೋಡ್ಬೇಕು" ಎನ್ನುತ್ತಿದ್ದೆ. ಏನನ್ನು ನೋಡಬೇಕು ಎಂದು ನನಗೇ ಗೊತ್ತಿರಲಿಲ್ಲ. ಬ್ಯಾಂಕ್ ಪರೀಕ್ಷೆಗೆಂದು ಮೈಸೂರಿಗೆ ಕೋಚಿಂಗ್‌ಗೆ ಹೋದೆ. ಗೆಳತಿಯರು ಹೋಗುತ್ತಿದ್ದರು, ಅದಕ್ಕೆ. ಅವರಲ್ಲಿ ಒಬ್ಬಳು ಪಾಸಾದಳು, ಉಳಿದವರಿಗೆ ಮದುವೆಯಾಯಿತು, ನಾನು ಬಿಟ್ಟೆ. ಆಮೇಲೆ ನಂಜನಗೂಡಿನ ಒಂದು ಕಾರ್ಖಾನೆಯ ಆಫೀಸಿನಲ್ಲಿ ಕಂಪ್ಯೂಟರಿನ ಮುಂದೆ ಕೂತೆ. ಕೆಲಸ ಕಷ್ಟದ್ದೇನಲ್ಲ. ಒಂದು ದಿನ ಬೆಳಗ್ಗೆ ಏಳಲು ಮನಸ್ಸಾಗಲಿಲ್ಲ, ಮಾರನೇ ದಿನವೂ ಆಗಲಿಲ್ಲ, ಅಲ್ಲಿಗೆ ಅದೂ ಮುಗಿಯಿತು.

ಅಪ್ಪ ಏನೂ ಅನ್ನಲಿಲ್ಲ. ಸರ್ಕಾರಿ ಬಸ್ಸಿನ ಡ್ರೈವರ್ ಆಗಿ ರಿಟೈರಾದವರು ಅವರು. ಸುಮ್ಮನೆ ಕೂರಲಾರದೆ ನರಸೀಪುರದ ಒಂದು ಖಾಸಗಿ ಶಾಲೆಯ ಹಳದಿ ಬಸ್ ಓಡಿಸುತ್ತಿದ್ದರು. ಬೆಳಗ್ಗೆ ಹೋಗುವಾಗ "ತಿಂಡಿ ತಿನ್ನವ್ವ" ಎನ್ನುವರು, ಸಂಜೆ ಬಂದು "ಏನ್ ಮಾಡ್ದೆ ಇವತ್ತು?" ಎನ್ನುವರು. ನಾನು "ಏನಿಲ್ಲ" ಎಂದರೆ ತಲೆಯಾಡಿಸಿ ಟಿ.ವಿ. ಹಾಕುವರು.

ಆ ದಿನಗಳಲ್ಲಿ ನನಗಿದ್ದ ಒಂದೇ ಸಮಾಧಾನ ದೊಡ್ಡಮ್ಮನ ಮಗಳು. ನನಗಿಂತ ನಾಲ್ಕು ತಿಂಗಳಿಗೆ ದೊಡ್ಡವಳು. "ಅಕ್ಕ ಅನ್ನು" ಎಂದು ಎಲ್ಲರೂ ಹೇಳಿಕೊಟ್ಟಿದ್ದರು, ನಾನು ಅಂದಿರಲಿಲ್ಲ. ಅವರ ಮನೆ ನಂಜನಗೂಡು ತಾಲ್ಲೂಕಿನ ಹೆಡತಲೆಯಲ್ಲಿ. ದೊಡ್ಡಪ್ಪ ತೀರಿಕೊಂಡ ಮೇಲೆ ಅವಳು ಪಿಯುಸಿಗೇ ಓದು ನಿಲ್ಲಿಸಿ ನಂಜನಗೂಡಿನ ಗಾರ್ಮೆಂಟ್ಸಿಗೆ ಸೇರಿದ್ದಳು. ದಿನವಿಡೀ ಶರ್ಟಿನ ಕಾಲರ್ ಹೊಲಿಯುವುದು. ನಾನು ಏನೂ ಆಗದಿದ್ದರೂ ಅವಳಿಗಿಂತ ವಾಸಿ ಎಂಬ ಭಾವನೆಯೊಂದು ನನ್ನೊಳಗೆ ಬೆಚ್ಚಗೆ ಕೂತಿತ್ತು.

ಒಂದು ಭಾನುವಾರ ಬೆಳಗ್ಗೆ ಅವಳು ಹೇಳದೆ ಕೇಳದೆ ಬಂದಳು. ಅಪ್ಪ ಜಗಲಿಯ ಮೇಲೆ ಕನ್ನಡಿ ಇಟ್ಟುಕೊಂಡು ಗಡ್ಡ ಕೆರೆದುಕೊಳ್ಳುತ್ತಿದ್ದರು. ಚಪ್ಪಲಿಯನ್ನೂ ಬಿಡದೆ ಅವರ ಎದುರು ನಿಂತಳು.

"ಚಿಕ್ಕಪ್ಪ, ನಂಗೆ ಬಸ್ ಓಡ್ಸದ್ನ ಕಲ್ಸ್ಕೊಡು."

ಅಪ್ಪ ನಕ್ಕರು. ಅವಳು ನಗಲಿಲ್ಲ.

"ಕಾರ್ ಲೈಸೆನ್ಸ್ ತಗಂಡು ವರ್ಷ ಆಯ್ತು. ರಜಾ ದಿಸ ಡ್ರೈವಿಂಗ್ ಸ್ಕೂಲ್‌ಗೆ ಓಗ್ತಿದ್ದೆ, ಯಾರ್ಗೂ ಏಳಿರ್ನಿಲ್ಲ. ಈಗ ಹೆವಿ ಬೇಕು. ಬಸ್ಸಿಗೆ ಎಣ್ಮಕ್ಳನ್ನೂ ತಗತಾವ್ರಂತೆ."

"ಬಸ್ಸು ಅಂದ್ರೆ ಸ್ಕೂಟಿ ಅಂದ್ಕಂಡಾ ಮಗ?"

"ಸ್ಕೂಟಿ ಅಂದ್ಕಂಡಿದ್ರೆ ನಿನ್ ತಾವ್ಕೆ ಯಾಕ್ ಬತ್ತಿದ್ದೆ?"

ಅಪ್ಪ ಅರ್ಧ ಕೆರೆದ ಮುಖದಲ್ಲೇ ರೇಜರ್ ಕೆಳಗಿಟ್ಟು ಅವಳ ಕಡೆಗೆ ತಿರುಗಿ ಕೂತರು. ನಾನು ಬಾಗಿಲಲ್ಲಿ ಕೂತು ಸೊಪ್ಪು ಸೋಸುತ್ತಿದ್ದೆ. ಕಡ್ಡಿಯ ಜೊತೆ ಎಲೆಯನ್ನೂ ಕಸಕ್ಕೆ ಹಾಕಿದೆ. ನನಗೆ ಬಸ್ಸು ಬೇಕಿರಲಿಲ್ಲ, ಬಸ್ಸಿನ ಹೊಗೆ ಕುಡಿದರೆ ವಾಂತಿ ಬರುವವಳು ನಾನು. ಆದರೆ ಅವಳಿಗೆ ಬಸ್ಸು ಬೇಕಾಗಿದ್ದ ಹಾಗೆ ನನಗೆ ಏನಾದರೊಂದು ಬೇಕಾಗಬೇಕಿತ್ತು. ಬಟ್ಟೆಗೆ, ಮೊಬೈಲಿಗೆ ಹಟ ಮಾಡಿದ್ದುಂಟು. ಇಂಥದ್ದು ಕಲಿಸಿಕೊಡು ಎಂದು ಯಾರ ಎದುರೂ ಹಾಗೆ ನಿಂತದ್ದು ನೆನಪಿರಲಿಲ್ಲ.

ಆ ತಿಂಗಳೇ ಅವಳು ಗಾರ್ಮೆಂಟ್ಸ್ ಬಿಟ್ಟು ನಮ್ಮ ಮನೆಗೆ ಬಂದು ನೆಲೆಸಿದಳು. ಅಪ್ಪನ ಗೆಳೆಯರೊಬ್ಬರ ಬಳಿ ಕಬ್ಬು ಹೊಡೆಯುವ ಹಳೆಯ ಲಾರಿ ಇತ್ತು. ಊರಾಚೆ ಸೈಟು ಮಾಡಲೆಂದು ಗದ್ದೆ ಸಮ ಮಾಡಿ, ಟಾರು ಹಾಕಿ, ಒಂದು ಮನೆಯೂ ಏಳದೆ ಬಿದ್ದಿದ್ದ ಲೇಔಟ್ ಇತ್ತು. ಸಂಜೆ ಶಾಲೆಯ ಬಸ್ ಬಿಟ್ಟು ಬಂದ ಮೇಲೆ ಅಪ್ಪ ಅವಳನ್ನು ಅಲ್ಲಿಗೆ ಕರೆದುಕೊಂಡು ಹೋಗುವರು. ಕತ್ತಲಾಗುವ ಹೊತ್ತಿಗೆ ಇಬ್ಬರೂ ಧೂಳು ಮೆತ್ತಿಕೊಂಡು ಬರುವರು. ಊಟಕ್ಕೆ ಕೂತರೆ ಗೇರು, ಬ್ರೇಕು, ಕನ್ನಡಿ. ಅಪ್ಪ ಸಾರಿನ ಬಟ್ಟಲನ್ನು ಎಡಕ್ಕೆ, ಮಜ್ಜಿಗೆ ಲೋಟವನ್ನು ಬಲಕ್ಕೆ ಇಟ್ಟು ರಿವರ್ಸ್ ಹೇಗೆ ತಿರುಗಿಸಬೇಕೆಂದು ತೋರಿಸುವರು. ಇಷ್ಟು ಮಾತು ಅಪ್ಪನ ಹೊಟ್ಟೆಯಲ್ಲಿ ಇತ್ತು ಎಂದು ನನಗೆ ಗೊತ್ತೇ ಇರಲಿಲ್ಲ.

ಒಂದು ಭಾನುವಾರ ಬಾಡಿನ ಸಾರು ಮಾಡಿದ್ದೆವು. ನಲ್ಲಿಮೂಳೆ ಯಾವಾಗಲೂ ನನ್ನ ತಟ್ಟೆಗೆ ಬರುತ್ತಿತ್ತು. ನಾನು ಕೇಳುತ್ತಿರಲಿಲ್ಲ, ಅಪ್ಪ ಹಾಕುತ್ತಿದ್ದರು, ಅದು ನಮ್ಮ ಮನೆಯ ಪದ್ಧತಿ. ಅವತ್ತು ಏನೋ ಮಾತಾಡುತ್ತಾ ಅದನ್ನೆತ್ತಿ ಅವಳ ತಟ್ಟೆಗೆ ಹಾಕಿದರು. ಹಾಕಿದ್ದು ಅವರಿಗೆ ಗೊತ್ತೂ ಆಗಲಿಲ್ಲ. ಅವಳು ಸೊರ್ರನೆ ಹೀರಿದಳು. ಇಪ್ಪತ್ತಮೂರು ವರ್ಷದವಳು ನಾನು, ಒಂದು ಮೂಳೆಗಾಗಿ, ಖಾರ ಜಾಸ್ತಿಯಾಯಿತು ಎಂದು ಹೇಳಿ ಊಟ ಬಿಟ್ಟು ಎದ್ದು ಹೋದೆ.

"ನಂಗೂ ಕಲಿಸು" ಎಂದೆ ಅಪ್ಪನಿಗೆ ಮಾರನೇ ದಿನ. ಅಮ್ಮ ಒಲೆಯ ಮುಂದಿನಿಂದ ತಿರುಗಿ ನೋಡಿದಳು. ಅಪ್ಪ "ಬಾ, ಅದಕ್ಕೇನಂತೆ" ಎಂದರು.

ಲಾರಿಯ ಸೀಟು ಎಷ್ಟು ಎತ್ತರವೆಂದರೆ ಹತ್ತುವಷ್ಟರಲ್ಲೇ ನನ್ನ ಹುಮ್ಮಸ್ಸು ಅರ್ಧ ಇಳಿಯಿತು. ಸ್ಟಾರ್ಟ್ ಮಾಡಿ ಕ್ಲಚ್ ಬಿಟ್ಟರೆ ಲಾರಿ ಕುಪ್ಪಳಿಸಿ ನಿಲ್ಲುತ್ತಿತ್ತು. ಒಮ್ಮೆ ಲೇಔಟಿನ ಸೈಟುಗಲ್ಲನ್ನು ಕೆಡವಿ ಪಕ್ಕದ ಕಬ್ಬಿನ ಗದ್ದೆಗೆ ಮೂತಿ ತೂರಿಸಿದೆ. "ಪರ್ವಾಗಿಲ್ಲ ಬುಡವ್ವ, ನಿಧಾನಕ್ಕೆ ಬತ್ತದೆ" ಎಂದು ಅಪ್ಪ ಮೆತ್ತಗೆ ಹೇಳಿದರು. ಅವಳ ಸರದಿ ಬಂತು. ತಿರುವಿನಲ್ಲಿ ಅವಳು ಕ್ಲಚ್ ಮೇಲೆ ಕಾಲಿಟ್ಟೇ ಹೊರಟಳು ನೋಡಿ, ಅಪ್ಪ ಸಿಡಿದರು:

"ಕಾಲ್ ತಗಿ ಅಂತ ಎಷ್ಟ್ ಸಲ ಬಡ್ಕಳದು! ಹಿಂದ್ಗಡೆ ಬಸ್ ತುಂಬ ಜನ ಕೂತಿರ್ತಾರೆ ಕಣವ್ವ, ಮನೇಲಿ ಮಕ್ಳು ಮರಿ ಬುಟ್ಟು ಬಂದಿರ್ತಾರೆ! ಇಳಿ ಕೆಳಿಕ್ಕೆ!"

ಅವಳ ಮುಖ ಕೆಂಪಾಯಿತು. ನಾನು ಖುಷಿಪಡಬೇಕಿತ್ತು. ಆದರೆ ಗದ್ದೆಯ ಬದುವಿನ ಮೇಲೆ ನಿಂತಿದ್ದ ನನಗೆ ಅವತ್ತಿನಷ್ಟು ಹೊಟ್ಟೆ ಉರಿದದ್ದು ಬೇರೆ ಯಾವತ್ತೂ ಇಲ್ಲ. ಅವಳು ನಿಜವಾಗಿಯೂ ಬಸ್ ಓಡಿಸುತ್ತಾಳೆ ಎಂದು ಅಪ್ಪ ನಂಬಿದ್ದರು, ಅದಕ್ಕೆ ಬೈಯುತ್ತಿದ್ದರು. ನನ್ನನ್ನು ಮನೆಗೆ ಬಂದ ನೆಂಟರ ಮಗುವನ್ನು ಆಟವಾಡಿಸುವ ಹಾಗೆ ಆಡಿಸುತ್ತಿದ್ದರು. ಎರಡು ವರ್ಷ ಅವರು ನನಗೆ ಏನೂ ಅನ್ನದೆ ಇದ್ದದ್ದರ ಅರ್ಥವೂ ಅಲ್ಲೇ ಹೊಳೆಯಿತು. ಮತ್ತೆ ನಾನು ಆ ಲಾರಿ ಹತ್ತಲಿಲ್ಲ.

ಹೆವಿ ಲೈಸೆನ್ಸಿನ ಮೊದಲ ಪರೀಕ್ಷೆಯಲ್ಲಿ ಅವಳು ಫೇಲಾದಳು. ರಿವರ್ಸ್ ಹೋಗುವಾಗ ಕಂಬಿಗೆ ತಾಗಿಸಿದಳಂತೆ. ಆ ಸುದ್ದಿ ಕೇಳಿ ನನ್ನ ಎದೆಯೊಳಗೆ ಏನೋ ಕುಣಿಯಿತು, ಸುಳ್ಳು ಯಾಕೆ ಹೇಳಲಿ. ಅಳುತ್ತಾಳೆ, ಗಾರ್ಮೆಂಟ್ಸಿಗೆ ವಾಪಸ್ ಹೋಗುತ್ತಾಳೆ ಎಂದುಕೊಂಡೆ. ಅವಳು ಕೈಕಾಲು ತೊಳೆದು, ಎರಡು ಮುದ್ದೆ ಉಂಡು, "ಚಿಕ್ಕಪ್ಪ, ನಾಳಿಂದ ಬರೀ ರಿವರ್ಸೇ" ಎಂದು ಮಲಗಿಬಿಟ್ಟಳು. ನಾನು ಫೇಲಾದಾಗಲೆಲ್ಲ ಮಾರನೇ ದಿನ ಎದ್ದು ಏನು ಮಾಡಬೇಕೆಂದೇ ತೋಚುತ್ತಿರಲಿಲ್ಲ. ಸೋಲುವುದರಲ್ಲೂ ಅವಳು ನನಗಿಂತ ಮೇಲಾಗಿದ್ದಳು.

ಅಷ್ಟರಲ್ಲಿ ಅಪ್ಪನ ಶಾಲೆಯ ಬಸ್ಸಿನಲ್ಲಿ ಮಕ್ಕಳನ್ನು ಹತ್ತಿಸಿ ಇಳಿಸುವ ಹೆಂಗಸು ಕೆಲಸ ಬಿಟ್ಟರು. "ಬೇರೆಯೋರು ಸಿಗೋಗಂಟ ನಾನ್ ಬತ್ತೀನಿ ಚಿಕ್ಕಪ್ಪ, ನೀನ್ ಓಡ್ಸದ್ನೂ ನೋಡ್ದಂಗಾಯ್ತದೆ" ಎಂದಳು ದೊಡ್ಡಮ್ಮನ ಮಗಳು. ಬೆಳಗ್ಗೆ ಸಂಜೆ ಎರಡು ಹೊತ್ತೂ ಅಪ್ಪನ ಹಿಂದಿನ ಸೀಟಿನಲ್ಲಿ ಇವಳು! ಅಪ್ಪ ಉತ್ತರ ಕೊಡುವ ಮುಂಚೆ ನಾನು ಬಾಯಿ ಹಾಕಿದೆ. "ನಾನ್ ಓಗ್ತೀನಿ. ನಂಗೇನ್ ಕೆಲ್ಸ ಮನೇಲಿ?" ಅಪ್ಪನಿಗೆ ಆಶ್ಚರ್ಯವಾಯಿತು. ನನಗೆ ಆ ಕೆಲಸದ ಮೇಲೆ ಕಾಳಿನಷ್ಟೂ ಆಸೆ ಇರಲಿಲ್ಲ. ವಾಂತಿ ಬಂದರೂ ಸರಿ, ಆ ಸೀಟಿನಲ್ಲಿ ಅವಳು ಕೂರಬಾರದು, ಅಷ್ಟೇ.

ಮೂಗೂರಿನ ಆಚೆಯ ಒಂದು ಸ್ಟಾಪಿನಲ್ಲಿ ಯುಕೆಜಿಯ ಹುಡುಗಿಯೊಬ್ಬಳು ಹತ್ತುತ್ತಿದ್ದಳು. ಎರಡು ಜಡೆ, ಕಾಲಲ್ಲಿ ಗೆಜ್ಜೆ. ಮಕ್ಕಳೆಲ್ಲ ಅವಳನ್ನು 'ಮೊಂಡಿ' ಎನ್ನುತ್ತಿದ್ದರು. ಕರೆದರೆ ಬರುವುದಿಲ್ಲ, ಕೇಳಿದರೆ ಹೇಳುವುದಿಲ್ಲ. ಕೆಲವು ದಿನ ಕಳೆದ ಮೇಲೆ ನನಗೆ ಒಂದು ವಿಷಯ ಕಂಡಿತು. ಎದುರು ನಿಂತು ಕರೆದರೆ ಅವಳು ನನ್ನ ಬಾಯಿಯನ್ನೇ ನೋಡುತ್ತಾಳೆ, ಬರುತ್ತಾಳೆ. ಹಿಂದಿನಿಂದ ಕರೆದರೆ ಒಮ್ಮೆಯೂ ತಿರುಗುವುದಿಲ್ಲ. ಬಸ್ ನಿಂತು ಸದ್ದಡಗಿದಾಗ ಅವಳ ಬೆನ್ನ ಹಿಂದೆ ಟಿಫನ್ ಡಬ್ಬಿಯ ಮುಚ್ಚಳ ಬೀಳಿಸಿದೆ. ಉಳಿದ ಮಕ್ಕಳೆಲ್ಲ ಬೆಚ್ಚಿದರು. ಅವಳು ಕಿಟಕಿಯಾಚೆ ನೋಡುತ್ತಲೇ ಇದ್ದಳು.

ರಾತ್ರಿ ಊಟಕ್ಕೆ ಕೂತಾಗ ಹೇಳಿದೆ, ಆ ಮಗುವಿಗೆ ಕಿವಿ ಸರಿಯಾಗಿ ಕೇಳಿಸುತ್ತಿಲ್ಲ ಎಂದು.

"ಒಂದ್ ವರ್ಷದಿಂದ ಕರ್ಕಂಡ್ ಬತ್ತಾ ಇವ್ನಿ, ಚೆನ್ನಾಗೇ ಅದೆ ಕೂಸು" ಎಂದರು ಅಪ್ಪ.

"ಮೊಂಡಾಟ ಕಣಮ್ಮಿ ಅದು. ನಾನೂ ಸಣ್ಣೋಳಾಗಿದ್ದಾಗ ಕರುದ್ರೆ ತಿರುಗ್ತಿರ್ನಿಲ್ಲ" ಎಂದಳು ದೊಡ್ಡಮ್ಮನ ಮಗಳು.

ಇಬ್ಬರೂ ಒಂದಾಗಿ ಅಲ್ಲಗಳೆದದ್ದೇ ತಡ, ನನಗೆ ಛಲ ಬಂತು. ಇದು ಅವರಿಬ್ಬರಿಗೂ ಗೊತ್ತಿಲ್ಲದ ವಿಷಯ, ನನ್ನದು. ಇದನ್ನು ಸರಿ ಎಂದು ತೋರಿಸಿಯೇ ತೀರಬೇಕು.

ಹುಡುಗಿಯ ತಾಯಿ ಕಬ್ಬಿನ ಗದ್ದೆಯ ಕೂಲಿಗೆ ಹೋಗುವವರು. ಸ್ಟಾಪಿನಲ್ಲಿ ಹೇಳಿದರೆ ಅವರಿಗೆ ಸಿಟ್ಟೇ ಬಂತು. "ಕೇಳ್ತದೆ ಕಣಕ್ಕ ನನ್ ಮಗೀಗೆ. ಅವ್ರಪ್ಪನ್ ಬೈಕ್ ಬಂದ್ರೆ ಓಡೋಯ್ತಾಳೆ." ನಾನು ಹೆಚ್ಚು ಮಾತಾಡಲಿಲ್ಲ. ವಾರ ಕಳೆದು ಅವರೇ ಬಸ್ಸಿನ ಬಾಗಿಲು ಹಿಡಿದುಕೊಂಡು ನಿಂತರು. "ನೀವ್ ಅಂದ್ಮ್ಯಾಲೆ ನಾನೂ ಹಿಂದ್ಗಡಿಂದ ಕರುದ್ ನೋಡ್ದೆ" ಎಂದರು. "ತಿರುಗ್ನಿಲ್ಲ ಕಣಕ್ಕ." ಅಪ್ಪ ಡ್ರೈವರ್ ಸೀಟಿನಿಂದ ತಿರುಗಿ ನನ್ನನ್ನು ನೋಡಿದರು.

ಮೈಸೂರಿನ ಆಸ್ಪತ್ರೆಗೆ ಅವರ ಜೊತೆ ನಾನೇ ಹೋದೆ. ಕಿವಿ ಪರೀಕ್ಷೆಯ ಕೋಣೆಗೆ ಗಾಜಿನ ಕಿಟಕಿ ಇತ್ತು. ಒಳಗೆ ನನ್ನ ವಯಸ್ಸಿನ ಹೆಂಗಸೊಬ್ಬರು ಮಗುವಿನ ಎದುರು ಕೂತು, ಬಣ್ಣದ ಮಣಿಯನ್ನು ಅದರ ಕೈಗೆ ಕೊಟ್ಟು, ಸದ್ದು ಕೇಳಿಸಿದರೆ ಡಬ್ಬಿಗೆ ಹಾಕಬೇಕೆಂದು ಬರೀ ಸನ್ನೆಯಲ್ಲಿ ಕಲಿಸಿದರು. ಎಷ್ಟೋ ಹೊತ್ತು ಮಣಿ ಕೆನ್ನೆಯ ಹತ್ತಿರವೇ ಇತ್ತು. ಒಮ್ಮೆ ಟಣ್ ಎಂದು ಡಬ್ಬಿಗೆ ಬಿತ್ತು. ಆಗ ಆ ಹೆಂಗಸು ತಾವೇ ಗೆದ್ದ ಹಾಗೆ ಎರಡೂ ಕೈ ಮೇಲೆತ್ತಿದರು.

ಆಮೇಲೆ ಇನ್ನೊಂದು ದಿನ ಕಿವಿಗೆ ಮಷೀನು ಹಾಕಿ ನೋಡಿದರು. ಮಗು ಕುರ್ಚಿಯಿಂದ ಇಳಿದು ಎರಡು ಹೆಜ್ಜೆ ಇಟ್ಟು ನಿಂತಿತು. ಕೆಳಗೆ ನೋಡಿತು. ಮತ್ತೆ ಒಂದು ಕಾಲು ಎತ್ತಿ ನೆಲಕ್ಕೆ ಬಡಿಯಿತು. ಗೆಜ್ಜೆ. ಇನ್ನೊಂದು ಕಾಲು ಬಡಿಯಿತು. ಗಾಜಿನ ಈಚೆ ನನ್ನ ಪಕ್ಕದಲ್ಲಿದ್ದ ತಾಯಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು, "ನಾನೇ ಆಕಿದ್ದು ಕಣಕ್ಕ, ನಾಮಕರಣದಲ್ಲಿ ಆಕಿದ್ದು" ಎಂದರು.

ನಾನು ಆಗ ತಾಯಿಯನ್ನೂ ನೋಡಲಿಲ್ಲ, ಮಗುವನ್ನೂ ನೋಡಲಿಲ್ಲ. ಅದರ ಎದುರು ಮಂಡಿಯೂರಿ ಕೂತಿದ್ದ ಆ ಹೆಂಗಸನ್ನು ನೋಡುತ್ತಿದ್ದೆ. ಮೈಯೆಲ್ಲ ಉರಿಯಿತು. ಆ ಜಾಗದಲ್ಲಿ ನಾನಿರಬೇಕಿತ್ತು. ಬಸ್ಸಿನಲ್ಲಿ ಮೊದಲು ಕಂಡುಹಿಡಿದವಳು ನಾನು, ಈಗ ಹೊರಗೆ ನಿಂತಿರುವವಳೂ ನಾನೇ. ದೊಡ್ಡಮ್ಮನ ಮಗಳ ಮೇಲಿನ ಹೊಟ್ಟೆಕಿಚ್ಚಿನಲ್ಲಿ ನನಗೇನು ಬೇಕೆಂದು ತಿಳಿಯುತ್ತಿರಲಿಲ್ಲ. ಇದರಲ್ಲಿ ತಿಳಿಯುತ್ತಿತ್ತು. ಅವರು ಕೋಣೆಯಿಂದ ಹೊರಬಂದಾಗ ಹಿಂದೆಯೇ ಹೋಗಿ, "ಮೇಡಂ, ನೀವು ಏನು ಓದಿದ್ದೀರಿ?" ಎಂದು ಕೇಳಿದೆ. ಅವರು ಓದಿದ್ದಕ್ಕೆ ಸೈನ್ಸ್ ಬೇಕಿತ್ತು, ನನ್ನದು ಬಿ.ಎ. ಮುಖ ಬಾಡಿದ್ದನ್ನು ಕಂಡು ಅವರೇ ಹೇಳಿದರು: "ಪರೀಕ್ಷೆ ಮಾಡುವುದು ನಾವು. ಆಮೇಲೆ ವರ್ಷಗಟ್ಟಲೆ ಜೊತೆಗೆ ಕೂತು ಮಾತು ಕಲಿಸುವ ಟೀಚರ್‌ಗಳು ಬೇಕಲ್ಲ? ಅದಕ್ಕೆ ಡಿಪ್ಲೊಮಾ ಇದೆ. ಎರಡು ವರ್ಷ. ನಿಮಗೆ ಆಗುತ್ತೆ."

ಬಸ್ಸಿನಲ್ಲಿ ದಾರಿಯುದ್ದಕ್ಕೂ, ಮನೆಯಲ್ಲಿ ಹೇಗೆ ಹೇಳಬೇಕೆಂದು ಜೋಡಿಸಿಕೊಂಡು ಬಂದೆ. ಬಾಗಿಲಲ್ಲೇ ಅಮ್ಮ ಬಾಯಿಗೆ ಮೈಸೂರುಪಾಕು ತುರುಕಿದಳು. ಅವತ್ತೇ ದೊಡ್ಡಮ್ಮನ ಮಗಳು ಹೆವಿ ಪರೀಕ್ಷೆ ಪಾಸಾಗಿದ್ದಳು! ಪಕ್ಕದ ಮನೆಯವರೆಲ್ಲ ಬಂದು ಕೂತಿದ್ದರು. ಅಪ್ಪ ಅವಳು ರಿವರ್ಸ್ ತಿರುಗಿಸಿದ್ದನ್ನು ಅಭಿನಯ ಮಾಡಿ ತೋರಿಸುತ್ತಿದ್ದರು. ನನ್ನ ಸುದ್ದಿಯನ್ನು ಮೈಸೂರುಪಾಕಿನ ಜೊತೆ ನುಂಗಿಕೊಂಡು ಮೂಲೆಯಲ್ಲಿ ಕೂತೆ.

ಮಾರನೇ ದಿನ ಮಕ್ಕಳನ್ನು ಇಳಿಸಿ, ಬಸ್ಸನ್ನು ಶಾಲೆಯ ಹಿಂದಿನ ಹೊಂಗೆ ಮರದ ಕೆಳಗೆ ನಿಲ್ಲಿಸಿದಾಗ ಹೇಳಿದೆ. ಅಪ್ಪ ಇಂಜಿನ್ ಆಫ್ ಮಾಡಿ ಪೂರ್ತಿ ತಿರುಗಿ ಕೂತರು.

"ಡಿಗ್ರಿ ಮಾಡಾಯ್ತು, ಈಗ ಮತ್ತೆ ಡಿಪ್ಲೊಮಾನಾ? ಇದ್ನೂ ಬ್ಯಾಂಕ್ ಕೋಚಿಂಗ್ ತರ ಅರ್ಧಕ್ಕೇ ಬುಟ್ಬುಡ್ತೀಯಾ?"

"ಬುಡಲ್ಲ."

"ಬುಡಲ್ಲ ಅನ್ನೋದು ಬಾಯಲ್ಲಿ! ಆಫೀಸ್ ಕೆಲ್ಸ ಬುಡೋವಾಗ ಒಂದ್ ಮಾತ್ ಏಳುದ್ಯಾ ನಂಗೆ? ಕಿವಿ ಕೇಳ್ದಿರೋ ಮಕ್ಳು ಕಣವ್ವ ಅವು. ಒಂದು ಮಾತ್ ಕಲ್ಸಕೆ ಆರ್ ತಿಂಗ್ಳಾಯ್ತದೆ. ನಿಂಗೆ ಬೇಜಾರಾಯ್ತು ಅಂತ ಅವುನ್ನ ನಡು ದಾರೀಲಿ ಇಳ್ಸಿ ಬತ್ತೀಯಾ?"

"ಇಲ್ಲ ಅಂದ್ನಲ್ಲಪ್ಪ! ನೀನ್ ಅವ್ಳುನ್ ಮಾತ್ರ ನಂಬ್ತೀಯ!" ಎಂದು ನಾನೂ ಕಿರುಚಿದೆ. ಅಪ್ಪ ಸ್ಟೇರಿಂಗ್ ಗುದ್ದಿದರು. ಆಟದ ಮೈದಾನದಲ್ಲಿದ್ದ ಪಿ.ಟಿ. ಮೇಷ್ಟರು ನಮ್ಮತ್ತ ತಿರುಗಿ ನೋಡಿದರು. ಅಪ್ಪ ನನ್ನನ್ನು ಅಷ್ಟು ಹೊತ್ತು ಬೈದದ್ದು ಅದೇ ಮೊದಲು. ಕಣ್ಣಲ್ಲಿ ನೀರು ಬರುತ್ತಿತ್ತು, ಒಳಗೆ ಹಬ್ಬದ ಹಾಗಿತ್ತು.

ದೊಡ್ಡಮ್ಮನ ಮಗಳಿಗೆ ಮೊದಲು ಸಿಕ್ಕಿದ್ದು ನಂಜನಗೂಡಿನ ಒಂದು ಕಾರ್ಖಾನೆಯ ಕೆಲಸಗಾರರನ್ನು ಕರೆತರುವ ಬಸ್ಸು. ಹೊರಡುವ ದಿನ ಬಟ್ಟೆ ಮಡಚುತ್ತಾ ಕೂತಿದ್ದಳು. ನಾನು ಸುಮ್ಮನಿರಲಾರದೆ ಕೇಳಿದೆ, "ನಿಂಗೆ ಬಸ್ಸೇ ಬೇಕು ಅಂತ ಎಂಗ್ ಗೊತ್ತಾಯ್ತು?"

ಅವಳು ಒಂದು ಚೂಡಿದಾರದ ತೋಳು ಮಡಚಿ, ಬಿಚ್ಚಿ, ಮತ್ತೆ ಮಡಚಿದಳು.

"ನಿನ್ನಿಂದ್ಲೇ. ನಾನು ಗಾರ್ಮೆಂಟ್ಸ್ ಗೇಟಲ್ಲಿ ಇಳಿಯೋ ಟೈಮ್‌ಗೆ ಕಾಲೇಜ್ ಐಕ್ಳು ತುಂಬ್ಕಂಡು ಒಂದ್ ಬಸ್ ಓಗದು. ನೀನೂ ಇಂಗೇ ಬ್ಯಾಗ್ ಆಕ್ಕಂಡು ಓಯ್ತಿರ್ತೀಯ ಅಂತ ದಿನಾ ಅನ್ಸದು. ಉರ್ಕಂಡ್ ಸಾಯ್ತಿದ್ದೆ ಕಣಮ್ಮಿ. ಪಾಸ್ ಇಡ್ಕಂಡು ಬಸ್ ಅತ್ತೋ ಕಾಲ ನಂದು ಮುಗುದೋಗಿತ್ತು. ಅತ್ತಕ್ಕಾಗ್ದಿದ್ರೆ ಓಡ್ಸನ ಅಂದ್ಕಂಡೆ."

ಮಡಚಿದ್ದನ್ನು ಬ್ಯಾಗಿಗೆ ತುರುಕುತ್ತಾ ಅವಳು, "ಆ ನೀಲಿ ದುಪಟ್ಟ ನಂಗ್ ಕೊಡು, ನೀನ್ ಆಕ್ಕಳಲ್ಲ" ಎಂದಳು. ಕೊಟ್ಟೆ. ಇಷ್ಟವಿಲ್ಲದೆಯೇ ಕೊಟ್ಟೆ, ಅದು ನನಗೆ ಇಷ್ಟದ ದುಪಟ್ಟ.

ಅದಾಗಿ ಕೆಲವು ವರ್ಷ ಕಳೆದಿವೆ. ಅವಳು ಈಗ ಸರ್ಕಾರಿ ಬಸ್ ಓಡಿಸುತ್ತಾಳೆ. ಕೆಲವೊಮ್ಮೆ ನಂಜನಗೂಡು–ನರಸೀಪುರದ ಟ್ರಿಪ್ ಬಿದ್ದರೆ ಅಪ್ಪ ಯಾವ ಕೆಲಸವೂ ಇಲ್ಲದೆ ಟಿಕೆಟ್ ತೆಗೆಸಿ, ಅವಳ ಹಿಂದಿನ ಸೀಟಿನಲ್ಲಿ ನಂಜನಗೂಡಿನ ತನಕ ಹೋಗಿ ಬರುತ್ತಾರೆ. ನನ್ನ ಕ್ಲಾಸಿಗೆ ಒಂದೇ ಸಲ ಬಂದಿದ್ದಾರೆ, ಬಾಗಿಲಲ್ಲೇ ನಿಂತು ಹೋದರು. ಇದನ್ನು ಬರೆಯುವಾಗಲೂ ಚುಚ್ಚುತ್ತದೆ.

ನಾನು ಡಿಪ್ಲೊಮಾ ಮುಗಿಸಿ ನಂಜನಗೂಡಿನ ಒಂದು ಸಣ್ಣ ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದೇನೆ. ನಾಲ್ಕೈದು ವರ್ಷದ ಮಕ್ಕಳು, ಕಿವಿಗೆ ಮಷೀನು, ಜೊತೆಗೆ ಅಮ್ಮಂದಿರು. ಕಳೆದ ತಿಂಗಳು ನನ್ನ ಹತ್ತಿರ ಬಹಳ ಕಾಲ ಕಲಿಯುತ್ತಿದ್ದ ಮಗುವೊಂದನ್ನು ಜೊತೆಯ ಟೀಚರ್ ಒಬ್ಬಳ ಗುಂಪಿಗೆ ಹಾಕಿದ್ದರು. ಒಂದು ಮಧ್ಯಾಹ್ನ ಪಕ್ಕದ ಕೋಣೆಯಿಂದ "ನೀಉ" ಎಂದು ಕೇಳಿಸಿತು. ಎದ್ದು ಹೋಗಿ ನೋಡಿದರೆ ಅದೇ ಮಗು, ಕೈಯಲ್ಲಿ ಲೋಟ. ಅದರ ಅಮ್ಮ ಆ ಟೀಚರ್‌ನ ಎರಡೂ ಕೈ ಹಿಡಿದುಕೊಂಡಿದ್ದರು. ನೀರು ಎಂಬ ಮಾತಿಗೆ ನಾನು ತಿಂಗಳುಗಟ್ಟಲೆ ಅದರ ಎದುರು ಬಾಯಿ ತೆರೆದಿದ್ದೆ. ನಕ್ಕು, ಚಪ್ಪಾಳೆ ತಟ್ಟಿ, ಹಿತ್ತಲ ನಲ್ಲಿಗೆ ಹೋಗಿ ಮುಖಕ್ಕೆ ನೀರು ಹೊಡೆದುಕೊಂಡೆ.

ಮಕ್ಕಳೆಲ್ಲ ಹೋದ ಮೇಲೆ ಆ ಟೀಚರ್ ಆಟಿಕೆಗಳನ್ನು ಎತ್ತಿಡುತ್ತಿದ್ದಳು. ನಾನು ಹೋಗಿ ಮಗು ಕೂರುವ ಪುಟ್ಟ ಕುರ್ಚಿಯ ಮೇಲೆ ಮಂಡಿ ಮಡಚಿ ಕೂತೆ.

"ಹೆಂಗ್ ಮಾಡ್ಸಿದೆ? ತೋರ್ಸು" ಎಂದೆ.

ಅವಳು ನಕ್ಕು, ಲೋಟವನ್ನು ಎತ್ತಿಕೊಂಡು ನನ್ನ ಎದುರು ಕೂತಳು.